ಹಳೇ ಜಪಾನಿ ಕಾರು: ಚಾಸಿ ನಂಬರ್ ಓದುವುದರಿಂದ ಪಾರ್ಟ್ಸ್ ಹುಡುಕುವವರೆಗೆ

ಹಳೇ ಜಪಾನಿ ಕಾರು ಅಂದರೆ ಎಲ್ಲರ ಕಣ್ಣೂ ಮೊದಲು ಇಂಜಿನ್ ಮೇಲೆ ಹೋಗುತ್ತದೆ. ಬಾನೆಟ್ ಎತ್ತು, ಸ್ಟಾರ್ಟ್ ಮಾಡು, ಸದ್ದು ಕೇಳು. ಮೂರು ಕಾರ್ಬುರೇಟರ್ ಒಟ್ಟಿಗೆ ಉಸಿರೆಳೆಯುವ ಸದ್ದು ಕೇಳಿದ ಮೇಲೆ ಮನಸ್ಸು ಹಿಡಿತದಲ್ಲಿ ಇರುವುದಿಲ್ಲ, ಅದು ನನಗೂ ಗೊತ್ತು. ಆದರೆ ಇಷ್ಟು ವರ್ಷ ಈ ಕಾರುಗಳ ಸಹವಾಸ ಮಾಡಿದ ಮೇಲೆ, ಬಾನೆಟ್ ಎತ್ತಿದ ಕೂಡಲೇ ನಾನು ನೋಡುವುದು ಇಂಜಿನ್ ಹಿಂದಿನ ತಗಡಿನ ಗೋಡೆಯನ್ನು. ಹೆಚ್ಚಿನ ಹಳೇ ಜಪಾನಿ ಕಾರುಗಳಲ್ಲಿ ಚಾಸಿ ನಂಬರ್ ಒತ್ತಿರುವುದು ಅಲ್ಲೇ. ಅದಾದ ಮೇಲೆ ಕಾರಿನ ಕೆಳಗೆ ಮಲಗಿ ತುಕ್ಕು ನೋಡುತ್ತೇನೆ. ಇಂಜಿನ್ ಕೊನೆಗೆ. ಕೆಟ್ಟ ಇಂಜಿನ್ ಬಿಚ್ಚಿ ಕಟ್ಟಬಹುದು, ಇನ್ನೊಂದು ತಂದು ಕೂರಿಸಬಹುದು. ಕೊಳೆತ ಬಾಡಿ ಮತ್ತು ತಾಳೆಯಾಗದ ನಂಬರ್ ಮಾತ್ರ ಆ ಕಾರು ನಿಮ್ಮ ಹತ್ತಿರ ಇರುವಷ್ಟು ದಿನವೂ ಕಾಡುತ್ತವೆ.

ಮೊದಲ ಕಾರು ಹುಡುಕುತ್ತಿರುವವರನ್ನು ಮನಸ್ಸಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕಾರು ಈಗಾಗಲೇ ಇದ್ದು ಪಾರ್ಟ್ಸ್ ಹುಡುಕುತ್ತಿರುವವರು ಆರನೇ ಹೆಜ್ಜೆಗೆ ನೇರವಾಗಿ ಹೋಗಬಹುದು.

1. ಪಾರ್ಟ್ಸ್ ಸಿಗುವ ಕಾರನ್ನು ಆರಿಸಿ

ಆಸೆಗೆ ಮಿತಿ ಇಲ್ಲ. 1967ರ ಟೊಯೊಟಾ 2000ಜಿಟಿ ಯಾರಿಗೆ ಬೇಡ? ಯಮಾಹಾ ಜೊತೆ ಸೇರಿ ಮಾಡಿದ ಆ ಕಾರು ತಯಾರಾಗಿದ್ದೇ 350ರ ಆಸುಪಾಸು. 'ಕೆನ್ಮೇರಿ' ಅಂತ ಕರೆಯುವ 1973ರ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಬರೀ 197. ಇಂಥವು ನೋಡಿ ಕಣ್ತುಂಬಿಕೊಳ್ಳುವ ಕಾರುಗಳು. ಜಪಾನಿಗೆ ಹೋದರೆ ಐಚಿಯ ನಾಗಾಕುತೆಯಲ್ಲಿ ಟೊಯೊಟಾದವರ ಕಾರು ಮ್ಯೂಸಿಯಂ ಇದೆ, ಮೊತೆಗಿಯಲ್ಲಿ ಹೋಂಡಾದವರ ಸಂಗ್ರಹ ಇದೆ. ಒಂದು ಇಡೀ ದಿನ ಇಟ್ಟುಕೊಂಡು ಹೋಗಿ.

ಕೈಯಲ್ಲಿ ಸ್ಪ್ಯಾನರ್ ಹಿಡಿದು ಕಲಿಯಬೇಕು ಅನ್ನುವವರಿಗೆ ನಾನು ಹೇಳುವುದು ಎರಡು ಕಾರು. ಒಂದು, 1989ರಲ್ಲಿ ಬಂದ ಮಾಜ್ದಾ ರೋಡ್‌ಸ್ಟರ್‌ನ ಮೊದಲ ತಲೆಮಾರು, ಅಂದರೆ ಎನ್‌ಎ. 4 ಲಕ್ಷಕ್ಕೂ ಜಾಸ್ತಿ ತಯಾರಾಗಿದೆ, ಪಾರ್ಟ್ಸ್ ಧಾರಾಳವಾಗಿ ಸಿಗುತ್ತವೆ, ಇಂಜಿನ್ ಸರಳ. ಇನ್ನೊಂದು, 1969ರ ಕೊನೆಯಲ್ಲಿ ನಿಸ್ಸಾನ್ ಕಂಪನಿ ಡಾಟ್ಸನ್ ಹೆಸರಲ್ಲಿ ತಂದ 240ಝಡ್ ಮತ್ತು ಅದರ ತಮ್ಮಂದಿರು. ಜಪಾನಿನಲ್ಲಿ ಇವಕ್ಕೆ ಫೇರ್‌ಲೇಡಿ ಝಡ್ ಅಂತ ಹೆಸರು, ಬಾಡಿ ಕೋಡ್ ಎಸ್30. ಅಮೆರಿಕದಲ್ಲಿ ನಿಸ್ಸಾನ್ ಶಾಖೆ ನಡೆಸುತ್ತಿದ್ದ ಯುಟಾಕಾ ಕಾಟಾಯಾಮಾ ಈ ಕಾರಿಗಾಗಿ ಪಟ್ಟು ಹಿಡಿದು ನಿಂತಿದ್ದರಿಂದ ಅಲ್ಲಿ ಲಕ್ಷಗಟ್ಟಲೆ ಮಾರಾಟವಾದವು. ಅದಕ್ಕೇ ಇವತ್ತಿಗೂ ಅದರ ರಬ್ಬರು, ತಗಡು, ಕಾರ್ಪೆಟ್ ಎಲ್ಲ ಹೊಸದಾಗಿ ತಯಾರಾಗುತ್ತಿವೆ.

ರೋಟರಿ ಇಂಜಿನ್ (ಪಿಸ್ಟನ್ ಬದಲು ತ್ರಿಕೋನದ ರೋಟರ್ ತಿರುಗುವ ಇಂಜಿನ್) ಕಾರು, ಅಂದರೆ ಮಾಜ್ದಾ ಆರ್‌ಎಕ್ಸ್-7 ಥರದ್ದು, ಮೊದಲ ಕಾರಾಗಿ ಬೇಡ. ಅದರ ಮೇಲೆ ನನಗೆ ಪ್ರೀತಿ ಇಲ್ಲ ಅಂತಲ್ಲ. ಅದನ್ನು ಸರಿಯಾಗಿ ಬಿಚ್ಚಿ ಕಟ್ಟುವ ಮೆಕ್ಯಾನಿಕ್ ನಿಮಗೆ ಮೊದಲೇ ಗೊತ್ತಿರಬೇಕು.

2. ನಂಬರ್ ಓದಲು ಕಲಿಯಿರಿ

ಜಪಾನಿನ ಒಳಗೆ ಮಾರಾಟವಾದ ಕಾರಿನಲ್ಲಿ 17 ಅಕ್ಷರದ ಉದ್ದನೆ ನಂಬರ್ ಹುಡುಕಬೇಡಿ, ಇರುವುದಿಲ್ಲ. ಮಾಡೆಲ್ ಕೋಡ್, ಒಂದು ಗೆರೆ, ಆಮೇಲೆ ಸರಣಿ ಸಂಖ್ಯೆ, ಇಷ್ಟೇ. ಆ ಕೋಡ್‌ನಲ್ಲೇ ಕಾರಿನ ಜಾತಕ ಇದೆ.

ಉದಾಹರಣೆಗೆ 'ಹಾಕೋಸುಕಾ' ತೆಗೆದುಕೊಳ್ಳಿ. ಹಾಕೋ ಅಂದರೆ ಡಬ್ಬಿ, ಸುಕಾ ಅಂದರೆ ಸ್ಕೈಲೈನ್‌ನ ಚಿಕ್ಕ ಹೆಸರು. ಈ ಸ್ಕೈಲೈನ್‌ನ ಬಾಡಿ ಕೋಡ್ ಸಿ10. ಆರು ಸಿಲಿಂಡರಿನ ಸಾದಾ ಎಲ್20 ಇಂಜಿನ್ ಇರುವ ಎರಡು ಬಾಗಿಲಿನ ಹಾರ್ಡ್‌ಟಾಪ್ ಕೆಜಿಸಿ10. ರೇಸಿನಿಂದ ಬಂದ ಎಸ್20 ಇಂಜಿನ್, ಅಂದರೆ 1989 ಸಿಸಿ, 24 ವಾಲ್ವ್, 160 ಅಶ್ವಶಕ್ತಿ, ಅದು ಇರುವ ನಿಜವಾದ ಜಿಟಿ-ಆರ್ ಹಾರ್ಡ್‌ಟಾಪ್ ಕೆಪಿಜಿಸಿ10. ವ್ಯತ್ಯಾಸ ಒಂದೇ ಒಂದು 'ಪಿ'. ಸಾದಾ ಕಾರಿಗೆ ಜಿಟಿ-ಆರ್ ಬ್ಯಾಡ್ಜ್ ಹಾಕಿ, ಹಿಂದಿನ ಚಕ್ರದ ಕಮಾನು ಕತ್ತರಿಸಿ, ಅದರ ಅಂಚಿಗೆ ಕಪ್ಪು ಫ್ಲೇರ್ ಪಟ್ಟಿ ಸ್ಕ್ರೂ ಹೊಡೆದು ಮಾಡಿದ ಕಾರುಗಳು ಬೇಕಾದಷ್ಟಿವೆ. ನೋಡಲು ಚೆಂದ, ಓಡಿಸಲೂ ಚೆಂದ, ಸಾದಾ ಕಾರು ಅಂತ ಹೇಳಿ ಮಾರಿದರೆ ಅದರಲ್ಲಿ ತಪ್ಪೇನೂ ಇಲ್ಲ. ಜಿಟಿ-ಆರ್ ಅಂತ ಹೇಳಿ ಅದರ ಬೆಲೆ ಕೇಳಿದರೆ ಮಾತ್ರ ಮೋಸ.

ಇದೇ ಕಥೆ ಬೇರೆ ಕಡೆಯೂ ಇದೆ. 1989ರ ಆರ್32 ಸ್ಕೈಲೈನ್‌ನಲ್ಲಿ ಜಿಟಿ-ಆರ್ ಬಿಎನ್‌ಆರ್32, ಹಿಂದಿನ ಚಕ್ರ ಮಾತ್ರ ತಿರುಗುವ ಟರ್ಬೊ ಕಾರು ಎಚ್‌ಸಿಆರ್32. 1983ರಿಂದ 1987ರವರೆಗೆ ಬಂದ ಟೊಯೊಟಾದ 'ಹಾಚಿರೋಕು', ಅಂದರೆ 'ಎಂಟು-ಆರು', ಎಇ86. ಅದೇ ಬಾಡಿಯಲ್ಲಿ 1.5 ಲೀಟರಿನ ಸಣ್ಣ ಇಂಜಿನ್ ಇದ್ದದ್ದು ಎಇ85. 85ಕ್ಕೆ 86ರ ಇಂಜಿನ್ ಕೂರಿಸಿದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಗೋಡೆಯ ಮೇಲಿನ ನಂಬರ್ ಹೇಳುತ್ತದೆ.

ಓದುವಾಗ ಬೆರಳಿನಿಂದ ಸವರಿ ನೋಡಿ. ಅಕ್ಷರಗಳ ಆಳ ಒಂದೇ ಥರ ಇದೆಯಾ, ಸಾಲು ನೇರವಾಗಿದೆಯಾ, ಸುತ್ತ ಗ್ರೈಂಡಿಂಗ್ ಗುರುತು ಅಥವಾ ಬೆಸುಗೆಯ ಉಬ್ಬು ಇದೆಯಾ? ಪಕ್ಕದಲ್ಲಿ ರಿವೆಟ್ ಹೊಡೆದ ತಗಡಿನ ಪ್ಲೇಟ್ ಒಂದಿರುತ್ತದೆ, ಅದರ ಮೇಲಿನ ಮಾಡೆಲ್ ಕೋಡ್, ಬಣ್ಣದ ಕೋಡ್ ಎಲ್ಲ ಇದಕ್ಕೆ ತಾಳೆಯಾಗಬೇಕು. ಪ್ಲೇಟ್ ಬಿಚ್ಚಿ ಬೇರೆ ಕಾರಿಗೆ ಹಾಕುವುದು ಸುಲಭ, ಗೋಡೆಯ ನಂಬರ್ ಬದಲಿಸುವುದು ಕಷ್ಟ. ಹಾಗಾಗಿ ಎರಡೂ ಹೊಂದದಿದ್ದರೆ ಕಾರು ಎಷ್ಟೇ ಇಷ್ಟವಾಗಿರಲಿ, ಅಲ್ಲಿಗೇ ಬಿಟ್ಟು ಬನ್ನಿ.

ಇನ್ನೊಂದು ಸಣ್ಣ ಸುಳಿವು ಇದೆ. ಜಪಾನಿನಲ್ಲಿ 1983ರವರೆಗೆ ಬಾಗಿಲಿನ ಮೇಲೆ ಕನ್ನಡಿ ಇಡಲು ಅನುಮತಿ ಇರಲಿಲ್ಲ, ಮುಂದಿನ ಮಡ್‌ಗಾರ್ಡ್ ಮೇಲೇ ಇರಬೇಕಿತ್ತು. ಅಲ್ಲಿಂದ ಬಂದ 1970ರ ದಶಕದ ಕಾರಿನಲ್ಲಿ ಕನ್ನಡಿ ಬಾಗಿಲ ಮೇಲಿದ್ದರೆ, ಮಡ್‌ಗಾರ್ಡ್‌ನ ಒಳಬದಿಗೆ ಕೈ ಹಾಕಿ ನೋಡಿ. ಹಳೇ ತೂತು ಹೇಗೆ ಮುಚ್ಚಿದ್ದಾರೆ ಅನ್ನುವುದರಲ್ಲೇ ಮಿಕ್ಕ ಬಾಡಿ ಕೆಲಸ ಹೇಗಿರಬಹುದು ಅಂತ ಗೊತ್ತಾಗುತ್ತದೆ.

3. ತುಕ್ಕು ಹುಡುಕಿ, ಅವಸರ ಮಾಡಬೇಡಿ

ಈ ಹೆಜ್ಜೆಗೆ ಕಡಿಮೆ ಅಂದರೂ ಎರಡು ಗಂಟೆ ಇಡಿ. ಬೇಕಾಗುವುದು ಟಾರ್ಚ್, ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ, ಮರದ ಹಿಡಿಯ ಸ್ಕ್ರೂಡ್ರೈವರ್, ಹಳೇ ಬಟ್ಟೆ ಹಾಕಿಕೊಂಡಿರುವ ನೀವು.

1960–70ರ ದಶಕದ ಜಪಾನಿ ಕಾರುಗಳ ತಗಡು ತೆಳು, ತುಕ್ಕಿಗೆ ರಕ್ಷಣೆಯೂ ಕಡಿಮೆ. ನೀರು ನಿಲ್ಲುವ ಜಾಗಗಳಲ್ಲಿ ಒಳಗಿನಿಂದ ಹೊರಗೆ ಕೊಳೆಯುತ್ತವೆ. ಹೊರಗೆ ಪೇಂಟ್ ಮೇಲೆ ಅಕ್ಕಿ ಕಾಳಿನಷ್ಟು ಗುಳ್ಳೆ ಕಂಡರೆ ಒಳಗೆ ಅಂಗೈ ಅಗಲ ಹೋಗಿದೆ ಅಂತಲೇ ತಿಳಿಯಿರಿ.

ಅಯಸ್ಕಾಂತವನ್ನು ಹಿಂದಿನ ಚಕ್ರದ ಕಮಾನು, ಬಾಗಿಲ ಕೆಳ ಅಂಚು, ಮಡ್‌ಗಾರ್ಡ್‌ನ ಹಿಂತುದಿಯ ಉದ್ದಕ್ಕೂ ನಿಧಾನ ಎಳೆಯಿರಿ. ಹಿಡಿತ ಬಿಟ್ಟ ಕಡೆ ಒಳಗೆ ಪುಟ್ಟಿ ಇದೆ. ಆಮೇಲೆ ಒಳಗೆ ಕೂತು ಕಾರ್ಪೆಟ್ ಎತ್ತಿ. ಫ್ಲೋರ್ ಮೇಲೆ ಸದ್ದು ತಡೆಯುವ ಟಾರಿನ ಹಾಳೆ ಅಂಟಿಸಿರುತ್ತಾರೆ, ತುಕ್ಕು ಅದರ ಅಡಿಯಲ್ಲಿ ಅಡಗಿರುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಕೈಯಳತೆಗೊಂದರಂತೆ ಕುಟ್ಟುತ್ತಾ ಹೋಗಿ. ಗಟ್ಟಿ ತಗಡು 'ಟಣ್' ಅನ್ನುತ್ತದೆ. ಕೊಳೆತದ್ದು 'ದಬ್' ಅನ್ನುತ್ತದೆ, ಜೊತೆಗೆ ಕೆಳಗೆ ಪುಡಿ ಉದುರುವ ಸಣ್ಣ ಸದ್ದೂ ಬರುತ್ತದೆ. ಒಮ್ಮೆ ಆ ಎರಡು ಸದ್ದು ಕಿವಿಗೆ ಬಿದ್ದರೆ ಮತ್ತೆ ಮರೆಯುವುದಿಲ್ಲ.

ಕಾರಿಗೆ ತಕ್ಕ ಹಾಗೆ ಕೆಲವು ಜಾಗ ಇವೆ. ಎಸ್30ಯಲ್ಲಿ ಬ್ಯಾಟರಿ ಕೂರುವ ತಟ್ಟೆ, ಅದರ ನೇರ ಕೆಳಗಿನ ಫ್ರೇಮ್, ಹಿಂದಿನ ಚಕ್ರದ ಮುಂದಿನ ಮೂಲೆ, ಹಿಂದಿನ ಬಾಗಿಲಿನ ಕೆಳಭಾಗ. ರೋಡ್‌ಸ್ಟರ್‌ನಲ್ಲಿ ಬಟ್ಟೆ ಛಾವಣಿಯ ನೀರು ಇಳಿಯುವ ಕೊಳವೆ ಕಸ ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಸಿಲ್ ಒಳಗೆ ನಿಂತು ಹಿಂದಿನ ಚಕ್ರದ ಹತ್ತಿರ ಕೊಳೆಯುತ್ತದೆ. ಒಂದು ಲೋಟ ನೀರು ಕೊಳವೆಗೆ ಬಿಟ್ಟು ಕೆಳಗೆ ಇಳಿಯುತ್ತದಾ ನೋಡಿ, ಸಾಕು. ಆರ್32ರಲ್ಲಿ ಮುಂದಿನ ಸಸ್ಪೆನ್ಷನ್ ಕೂರುವ ಟವರ್‌ಗಳ ಜೋಡಣೆ. ಎಇ86ರಲ್ಲಿ ಹಿಂದಿನ ಕಮಾನು ಮತ್ತು ಸಿಲ್. ಎಲ್ಲ ಕಾರಿನಲ್ಲೂ ಜಾಕ್ ಕೊಡುವ ಜಾಗ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಳಿ.

ಹೊಸದಾಗಿ ಕಪ್ಪು ಟಾರ್ ಬಳಿದ ಅಡಿಭಾಗ ಕಂಡರೆ ನನಗೆ ಖುಷಿಯಾಗುವುದಿಲ್ಲ, ಅನುಮಾನ ಬರುತ್ತದೆ. ಧೂಳು, ಎಣ್ಣೆ ಮೆತ್ತಿದ ಹಳೇ ಅಡಿಭಾಗವೇ ವಾಸಿ, ಇದ್ದದ್ದು ಇದ್ದ ಹಾಗೆ ಕಾಣುತ್ತದೆ.

4. ಜಪಾನಿನಿಂದ ತರಿಸುವುದಾದರೆ ಕಾಗದ

ಮೊದಲು ನಿಮ್ಮ ದೇಶದ ಆಮದು ನಿಯಮ. ಒಂದೊಂದು ದೇಶಕ್ಕೆ ಒಂದೊಂದು ಲೆಕ್ಕ. ಅಮೆರಿಕದಲ್ಲಿ 25 ವರ್ಷ ದಾಟಿರಬೇಕು, ಕೆನಡಾದಲ್ಲಿ 15. ಹಣ ಕಟ್ಟುವ ಮೊದಲು ಇದನ್ನು ಬರವಣಿಗೆಯಲ್ಲಿ ಖಚಿತ ಮಾಡಿಕೊಳ್ಳಿ. ಬಂದರಿನಲ್ಲಿ ಕಾರು ನಿಂತ ಮೇಲೆ ವಾದ ಮಾಡಿ ಪ್ರಯೋಜನ ಇಲ್ಲ.

ಕಾಗದದಲ್ಲಿ ವರ್ಷ ಜಪಾನಿ ಲೆಕ್ಕದಲ್ಲಿ, ಅಂದರೆ ಚಕ್ರವರ್ತಿಯ ಆಳ್ವಿಕೆಯ ಲೆಕ್ಕದಲ್ಲಿರುತ್ತದೆ. ಶೋವಾ ವರ್ಷಕ್ಕೆ 1925 ಸೇರಿಸಿ, ಹೇಸೇ ವರ್ಷಕ್ಕೆ 1988 ಸೇರಿಸಿ. ಶೋವಾ 44 ಅಂದರೆ 1969. ಹೇಸೇ 1 ಅಂದರೆ 1989.

ಹರಾಜಿನ ಕಾರಾದರೆ ತಪಾಸಣೆ ಹಾಳೆ ಬರುತ್ತದೆ, ಅದರಲ್ಲಿ ಕಾರಿನ ಚಿತ್ರದ ಮೇಲೆ ಗುರುತು ಹಾಕಿರುತ್ತಾರೆ. 'ಎ' ಗೀರು, 'ಯು' ತಗ್ಗು, 'ಡಬ್ಲ್ಯೂ' ರಿಪೇರಿಯಿಂದ ತಗಡು ಅಲೆಅಲೆಯಾದದ್ದು, 'ಎಸ್' ತುಕ್ಕು, 'ಸಿ' ತುಕ್ಕು ತಿಂದು ಹೋದದ್ದು, 'ಡಬಲ್ ಎಕ್ಸ್' ಬದಲಿಸಿದ ಭಾಗ. ಪಕ್ಕದ ಅಂಕಿ ದೊಡ್ಡದಾದಷ್ಟೂ ಸಮಸ್ಯೆ ದೊಡ್ಡದು. ಒಟ್ಟಾರೆ ಗ್ರೇಡ್ 'ಆರ್' ಇದ್ದರೆ ಅಪಘಾತದ ರಿಪೇರಿ ಆಗಿದೆ ಅಂತ ಅರ್ಥ. 50 ವರ್ಷದ ಕಾರಿಗೆ ಆರ್ ಬಂದರೆ ಗಾಬರಿ ಬೇಡ, ಯಾವ ಭಾಗದ ರಿಪೇರಿ ಅಂತ ಕೇಳಿ. ಕಿಲೋಮೀಟರ್ ಅಂಕಿಯನ್ನು ಮಾತ್ರ ಜಾಸ್ತಿ ನಂಬಬೇಡಿ. ಆ ಕಾಲದ ಅನೇಕ ಮೀಟರ್‌ಗಳಲ್ಲಿ ಇದ್ದದ್ದೇ ಐದು ಅಂಕಿ, 99,999 ದಾಟಿದರೆ ಮತ್ತೆ ಸೊನ್ನೆ.

5. ವರ್ಷಗಟ್ಟಲೆ ನಿಂತ ಕಾರನ್ನು ಎಬ್ಬಿಸುವುದು

ಕಾರು ಬಂತು. ಬ್ಯಾಟರಿ ಹಾಕಿ ಕೀ ತಿರುಗಿಸಬೇಕು ಅನ್ನಿಸುತ್ತದೆ, ದಯವಿಟ್ಟು ತಡೆಯಿರಿ.

ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ಸ್ವಲ್ಪ ಇಂಜಿನ್ ಆಯಿಲ್ ಬಿಡಿ, ಒಂದು ರಾತ್ರಿ ಬಿಟ್ಟುಬಿಡಿ. ಬೆಳಿಗ್ಗೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ ಕೈಯಿಂದ ಎರಡು ಸುತ್ತು ತಿರುಗಿಸಿ. ಎಲ್ಲಾದರೂ ತಡೆದರೆ ಬಲ ಹಾಕಬೇಡಿ. ಹಳೇ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ. ಅದು ವಾರ್ನಿಷ್ ವಾಸನೆ ಬರುತ್ತಿದ್ದರೆ ಟ್ಯಾಂಕ್ ಇಳಿಸಿ ತೊಳೆಯಲೇಬೇಕು. ಹಳೇ ಪೆಟ್ರೋಲ್ ಹೋಸ್‌ಗಳನ್ನು ಒಂದೂ ಉಳಿಸದೆ ಬದಲಿಸಿ, ಇವತ್ತಿನ ಪೆಟ್ರೋಲಿನಲ್ಲಿರುವ ಎಥನಾಲ್ ಆ ಕಾಲದ ರಬ್ಬರನ್ನು ಮೆತ್ತಗೆ ಮಾಡಿ ತಿನ್ನುತ್ತದೆ, ಬಿಸಿ ಎಕ್ಸಾಸ್ಟ್ ಮೇಲೆ ಒಂದು ಹನಿ ಬಿದ್ದರೆ ಕಾರೇ ಹೋಗುತ್ತದೆ. ಇಲ್ಲಿ ಉಳಿತಾಯ ಮಾಡಬೇಡಿ.

ಬ್ರೇಕಿನ ರಬ್ಬರು, ಹೋಸು, ಆಯಿಲ್ ಎಲ್ಲ ಹೊಸದು. ಟೈಮಿಂಗ್ ಬೆಲ್ಟ್ ಇರುವ ಇಂಜಿನ್ ಆದರೆ ಬೆಲ್ಟ್ ಬದಲಿಸಿದ ಮೇಲೆಯೇ ಸ್ಟಾರ್ಟ್. ಟೈರಿನ ಗೋಡೆ ಮೇಲಿನ ನಾಲ್ಕು ಅಂಕಿ ಓದಿ, 2314 ಅಂದರೆ 2014ರ 23ನೇ ವಾರ. ಗೆರೆ ಚೆನ್ನಾಗಿದ್ದರೂ ವಯಸ್ಸಾದ ಟೈರ್ ಬೇಡ. 1980ರ ದಶಕದ ಕೊನೆ, 90ರ ದಶಕದ ಕಾರುಗಳಲ್ಲಿ ಇಂಜಿನ್ ಕಂಪ್ಯೂಟರ್ ಬಿಚ್ಚಿ ಕೆಪ್ಯಾಸಿಟರ್ ಸೋರಿದೆಯಾ ನೋಡಿ. ಬೋರ್ಡ್ ಮೇಲೆ ಎಣ್ಣೆ ಕಲೆ, ಮೀನಿನಂಥ ವಾಸನೆ ಇದ್ದರೆ ಸೋರಿದೆ. ಬೋರ್ಡ್ ಸುಡುವ ಮೊದಲು ಬದಲಿಸಿದರೆ ಸಣ್ಣ ಕೆಲಸ.

6. ಹೆಸರು ಹೇಳಿ ಕೇಳಬೇಡಿ, ಪಾರ್ಟ್ ನಂಬರ್ ಹೇಳಿ ಕೇಳಿ

'240ಝಡ್‌ಗೆ ಬಾಗಿಲ ರಬ್ಬರ್ ಬೇಕು' ಅಂತ ಕೇಳಿದರೆ ಹತ್ತು ಜನ ಹತ್ತು ಥರದ್ದು ತೋರಿಸುತ್ತಾರೆ. ನಂಬರ್ ಕೊಟ್ಟರೆ ಒಂದೇ.

ನಿಸ್ಸಾನ್ ಮತ್ತು ಟೊಯೊಟಾ ನಂಬರ್‌ಗಳು ಐದು-ಐದು. ಮೊದಲ ಐದು ಅದು ಏನು ಅಂತ ಹೇಳುತ್ತದೆ, ಮುಂದಿನ ಐದು ಯಾವುದಕ್ಕೆ ಅಂತ. ನಿಸ್ಸಾನ್‌ನಲ್ಲಿ 15208 ಅಂದರೆ ಆಯಿಲ್ ಫಿಲ್ಟರ್, ಟೊಯೊಟಾದಲ್ಲಿ ಅದೇ ಫಿಲ್ಟರ್ 90915. ಹೋಂಡಾದ್ದು ಐದು-ಮೂರು-ಮೂರು, ನಡುವಿನ ಮೂರು ಅಕ್ಷರ ಆ ಭಾಗ ಯಾವ ಮಾಡೆಲ್‌ಗೆ ಹುಟ್ಟಿದ್ದು ಅಂತ ತಿಳಿಸುತ್ತದೆ. ಮಾಜ್ದಾ ತಿರುವುಮುರುವು: ಮಾಡೆಲ್ ಮೊದಲು, ಭಾಗದ ಸಂಖ್ಯೆ ಆಮೇಲೆ. ಇದು ಅರ್ಥವಾದ ದಿನದಿಂದ ಹುಡುಕಾಟದ ರೀತಿಯೇ ಬದಲಾಗುತ್ತದೆ, ಯಾಕೆಂದರೆ ನಿಮ್ಮ ಅಪರೂಪದ ಕಾರಿನ ಎಷ್ಟೋ ಭಾಗ ಅದೇ ಕಂಪನಿಯ ಸಾದಾ ಕಾರಿನದ್ದೇ ಆಗಿರುತ್ತದೆ. ಹೆಸರಲ್ಲಿ ಹುಡುಕಿದರೆ ಸಿಗದ್ದು ನಂಬರಲ್ಲಿ ಸಿಗುತ್ತದೆ.

ಜಪಾನಿ ಮಾರಾಟಗಾರರ ಕೆಲವು ಮಾತು ಕಲಿತಿಟ್ಟುಕೊಳ್ಳಿ. 'ಜುನ್ಸೇ' ಅಂದರೆ ಕಂಪನಿಯದ್ದೇ. 'ಶಾಗಾಯ್' ಅಂದರೆ ಬೇರೆಯವರು ಮಾಡಿದ್ದು. 'ತೋಜಿಮೊನೊ' ಅಂದರೆ ಆ ಕಾಲದ್ದೇ ಅಸಲಿ, ಬೆಲೆ ಏರುವುದು ಈ ಒಂದು ಪದಕ್ಕೆ. 'ಬುಹಿನ್‌ತೋರಿ' ಅಂದರೆ ಪಾರ್ಟ್ಸ್ ಕೀಳಲಿಕ್ಕೆ ಮಾತ್ರ ಇರುವ ಕಾರು. 'ಜಂಕು' ಅಂತ ಬರೆದಿದ್ದರೆ ಕೆಲಸ ಮಾಡದಿದ್ದರೂ ವಾಪಸ್ ಇಲ್ಲ. 'ಝೆಂಕಿ' ಮತ್ತು 'ಕೋಕಿ', ಅಂದರೆ ಆ ಮಾಡೆಲ್‌ನ ಮೊದಲ ಅವಧಿ ಮತ್ತು ನಂತರದ ಅವಧಿ. ಈ ಎರಡು ಪದ ಕಲಸಿಕೊಂಡು ತಪ್ಪು ಬಂಪರ್, ತಪ್ಪು ಲೈಟ್ ತರಿಸಿಕೊಂಡವರು ಎಷ್ಟೋ ಜನ.

ಕಂಪನಿಗಳೇ ಹಳೇ ಪಾರ್ಟ್ಸ್ ಮತ್ತೆ ಮಾಡಲು ಶುರು ಮಾಡಿರುವುದು ನನಗೆ ತುಂಬಾ ಸಂತೋಷ ಕೊಟ್ಟ ಸಂಗತಿ. ನಿಸ್ಸಾನ್‌ನ ರೇಸಿಂಗ್ ವಿಭಾಗ ನಿಸ್ಮೊ 2017ರ ಕೊನೆಯಲ್ಲಿ ಆರ್32 ಜಿಟಿ-ಆರ್‌ಗೆ ಹೆರಿಟೇಜ್ ಪಾರ್ಟ್ಸ್ ಶುರು ಮಾಡಿತು. ಟೊಯೊಟಾದ ಜಿಆರ್ ಹೆರಿಟೇಜ್ ಪಾರ್ಟ್ಸ್‌ನಲ್ಲಿ 2000ಜಿಟಿ, ಹಳೇ ಸುಪ್ರಾ, ಎಇ86ಗಳಿಗೆ ಭಾಗಗಳು ಬಂದಿವೆ. ಮಾಜ್ದಾ ಎನ್‌ಎ ರೋಡ್‌ಸ್ಟರ್‌ಗೆ ಆ ಕಾಲದ ಟೈರಿನ ಸಮೇತ ಮಾಡಿಸಿತು. ಸೆಕೆಂಡ್‌ಹ್ಯಾಂಡ್ ಹುಡುಕುವ ಮುಂಚೆ ಈ ಪಟ್ಟಿಗಳನ್ನು ನೋಡಿ. ಇಷ್ಟಾದರೂ ರಬ್ಬರ್ ಮತ್ತು ಟ್ರಿಮ್ ಯಾವತ್ತು ನಿಲ್ಲುತ್ತದೋ ಹೇಳಲಾಗದು, ಹಾಗಾಗಿ ಕಿಟಕಿ ರಬ್ಬರ್ ಹೊಸದು ಕಂಡರೆ ಈಗ ಬೇಡ ಅನ್ನಿಸಿದರೂ ಕೊಂಡಿಡಿ.

7. ಸರಿಯಾದ ಟೂಲ್, ಸರಿಯಾದ ತಿರುಪು

ಮೊದಲ ಸಲ ಹಿಟಾಚಿ ಕಾರ್ಬುರೇಟರಿನ ಮುಚ್ಚಳ ಬಿಚ್ಚುವಾಗ ನಾನು ಒಳ್ಳೇ ಫಿಲಿಪ್ಸ್ ಸ್ಕ್ರೂಡ್ರೈವರನ್ನೇ ಬಳಸಿದೆ. ಎರಡು ಸ್ಕ್ರೂಗಳ ತಲೆ ಸವೆದು ಗುಂಡಗಾಯಿತು. ಕೈ ತಪ್ಪಿರಲಿಲ್ಲ, ಟೂಲ್ ತಪ್ಪಾಗಿತ್ತು. ಜಪಾನಿ ಸ್ಕ್ರೂ ನೋಡಲು ಫಿಲಿಪ್ಸ್ ಥರವೇ ಪ್ಲಸ್ ಆಕಾರ, ಆದರೆ ಅದು ಜಿಸ್, ಅಂದರೆ ಜಪಾನಿನ ಕೈಗಾರಿಕಾ ಮಾನದಂಡದ ಅಳತೆಯದ್ದು. ಫಿಲಿಪ್ಸ್ ತುದಿ ಅದರೊಳಗೆ ಪೂರ್ತಿ ಕೂರುವುದಿಲ್ಲ, ಬಲ ಹಾಕಿದರೆ ಮೇಲೆ ಎದ್ದು ತಲೆಯನ್ನು ತಿನ್ನುತ್ತದೆ. ಎಷ್ಟೋ ಜಿಸ್ ಸ್ಕ್ರೂಗಳ ತಲೆಯ ಮೇಲೆ ಒಂದು ಸಣ್ಣ ಚುಕ್ಕೆ ಇರುತ್ತದೆ. ಜಿಸ್ ಸ್ಕ್ರೂಡ್ರೈವರ್ ಒಂದು ಸೆಟ್ ಕೊಳ್ಳಿ, ಅದನ್ನು ಹಾಕಿದ ಕೂಡಲೇ ತುದಿ ತಳಕ್ಕೆ ಹೋಗಿ ಗಟ್ಟಿಯಾಗಿ ಕೂತದ್ದು ಕೈಗೇ ಗೊತ್ತಾಗುತ್ತದೆ.

ಇನ್ನೊಂದು, ಆಯಿಲ್ ಪ್ರೆಷರ್ ಸೆನ್ಸರ್. ಜಪಾನಿ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ ಅದು 1/8ರ ಬ್ರಿಟಿಷ್ ಇಳಿಜಾರು ಮರೆ (ತುದಿಗೆ ಹೋದಂತೆ ಸಣ್ಣಗಾಗುವ ಥ್ರೆಡ್), ಇಂಚಿಗೆ 28 ಸುತ್ತು. ಅಮೆರಿಕನ್ ಮೀಟರ್‌ಗಳ ಜೊತೆ ಬರುವುದು ಇಂಚಿಗೆ 27. ಒಂದೇ ಒಂದು ಸುತ್ತಿನ ವ್ಯತ್ಯಾಸ, ಮೊದಲ ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ, ಸರಿಯಾಗಿ ಕೂತಿತು ಅಂತಲೇ ಅನ್ನಿಸುತ್ತದೆ. ಇನ್ನೂ ತಿರುಗಿಸಿದರೆ ಮರೆ ಹಾಳಾಗುತ್ತದೆ, ಆಯಿಲ್ ಸೋರುತ್ತದೆ. ಅಡಾಪ್ಟರ್ ಸಿಗುತ್ತದೆ, ಅದನ್ನೇ ಬಳಸಿ.

ವೀಲ್ ಕೊಳ್ಳುವಾಗ: ಆ ಕಾಲದ ಬಹಳಷ್ಟು ಹಿಂಬದಿ-ಚಾಲನೆಯ ಕಾರುಗಳಲ್ಲಿ ನಾಲ್ಕು ಬೋಲ್ಟ್ ತೂತು, ಅವು ಕೂರುವ ವೃತ್ತದ ವ್ಯಾಸ 114.3 ಮಿ.ಮೀ. ತೂತು ಹೊಂದಿದರೆ ಸಾಲದು, ಆಫ್‌ಸೆಟ್ (ವೀಲಿನ ನಡುಗೆರೆಯಿಂದ ಅದು ಕಾರಿಗೆ ಕೂರುವ ಮುಖಕ್ಕೆ ಇರುವ ದೂರ) ಅಳೆಯಿರಿ. ಜಪಾನಿನ ವೀಲ್ ಕಂಪನಿ ವಾಟಾನಾಬೆಯ ಎಂಟು ಕಡ್ಡಿಯ ವೀಲ್ ಥರದ ನಕಲುಗಳು ಬಹಳ ಇವೆ, ಒಳಬದಿಯ ಎರಕದ ಗುರುತು ಕೇಳಿ ಫೋಟೋ ತರಿಸಿಕೊಳ್ಳಿ.

8. ಬಲ್ಲವರನ್ನು ಕೇಳುವ ರೀತಿ

ಈ ಹವ್ಯಾಸದ ಅರ್ಧ ಸುಖ ಮಾತಿನಲ್ಲಿದೆ. ಯೊಕೊಹಾಮಾದ ಡೈಕೋಕು ಪಾರ್ಕಿಂಗ್‌ನಲ್ಲಿ ಭಾನುವಾರ ಬೆಳಿಗ್ಗೆ ನಿಂತರೆ ಭಾಷೆ ಬರದಿದ್ದರೂ ಬಾನೆಟ್ ಎತ್ತಿ ತೋರಿಸುವವರು ಇರುತ್ತಾರೆ. ಎಲ್ಲೇ ಆಗಲಿ, 40 ವರ್ಷ ಒಂದೇ ಕಾರು ಇಟ್ಟುಕೊಂಡವರು ಖುಷಿಯಿಂದ ಹೇಳಿಕೊಡುತ್ತಾರೆ, ಕೇಳುವವರು ಸ್ವಲ್ಪ ತಯಾರಾಗಿ ಬಂದಿರಬೇಕು ಅಷ್ಟೇ.

'ಕಾರು ಸ್ಟಾರ್ಟ್ ಆಗ್ತಿಲ್ಲ, ಏನು ಮಾಡಲಿ' ಅಂತ ಕೇಳಿದರೆ ಯಾರೂ ಏನೂ ಹೇಳಲಾರರು. ಮಾಡೆಲ್ ಕೋಡ್, ತಯಾರಾದ ವರ್ಷ ತಿಂಗಳು, ಇಂಜಿನ್ ಮೂಲದ್ದಾ ಬದಲಿಸಿದ್ದಾ, ತಣ್ಣಗಿದ್ದಾಗ ಹೀಗಾ ಬಿಸಿಯಾದಾಗ ಹೀಗಾ, ನೀವು ಈವರೆಗೆ ಏನೇನು ಬದಲಿಸಿ ನೋಡಿದಿರಿ, ಇಷ್ಟು ಬರೆಯಿರಿ. ಪಾರ್ಟ್‌ನ ಫೋಟೋ ಆದರೆ ನೇರ ಎದುರಿನಿಂದ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು. ಚಾಸಿ ನಂಬರಿನ ಕೊನೆಯ ಮೂರು ಅಂಕಿ ಮುಚ್ಚಿ ಹಾಕಿ, ಇಡೀ ನಂಬರ್ ಸಿಕ್ಕರೆ ಅದನ್ನು ಬೇರೆ ಕಾರಿಗೆ ಬಳಸುವವರಿದ್ದಾರೆ.

ಅವರು ಹೇಳಿದ್ದನ್ನು ಮಾಡಿ ನೋಡಿದ ಮೇಲೆ ಏನಾಯಿತು ಅಂತ ತಪ್ಪದೆ ತಿಳಿಸಿ. ಸರಿಹೋಯಿತು ಅಂತಾದರೂ ಸರಿ, ಹೋಗಲಿಲ್ಲ ಅಂತಾದರೂ ಸರಿ. ಸರಿಹೋಗಿದ್ದರೆ ಕೊನೆಗೆ ಹಾಕಿದ ಭಾಗದ ನಂಬರನ್ನೂ ಜೊತೆಗೆ ಬರೆಯಿರಿ, ಇದೇ ತೊಂದರೆಯಲ್ಲಿ ಹುಡುಕುತ್ತಾ ಬರುವ ಮುಂದಿನವರಿಗೆ ಬೇಕಾಗುವುದು ಅದೇ.